ಬೀದಿಗೆ ಎಲ್ಲರೂ ಬೇಕು, ಪಕ್ಷಕ್ಕೆ ಯಾರು ಬೇಕು?



ಬಾಂಗ್ಲಾದೇಶದ ವಿದ್ಯಾರ್ಥಿಗಳು 2024ರ ಆಗಸ್ಟ್ 5ರಂದು ಒಂದು ಸರ್ಕಾರವನ್ನೇ ಕಿತ್ತೊಗೆದರು. ಹದಿನೈದು ವರ್ಷ ಗದ್ದುಗೆ ಬಿಟ್ಟಿಳಿಯದ ಶೇಖ್ ಹಸೀನಾ ಅಲ್ಲಿಂದ ಓಡಿ ನಮ್ಮ ದೇಶಕ್ಕೆ ಬಂದರು. ಅವತ್ತು ರಾತ್ರಿ ನಮ್ಮ ಹಾಸ್ಟೆಲುಗಳಲ್ಲಿ ಒಂದು ಫೋನಿನ ಸುತ್ತ ಹತ್ತು ತಲೆ. ಹುಡುಗ್ರು ಅಂದ್ರೆ ಇವ್ರಪ್ಪ ಅಂದೆವು. ಆರೇಳು ತಿಂಗಳಿಗೆ, 2025ರ ಫೆಬ್ರವರಿ 28ಕ್ಕೆ, ಅದೇ ಹುಡುಗರು ಢಾಕಾದಲ್ಲಿ ಹೊಸ ಪಕ್ಷ ಕಟ್ಟಿದರು: ರಾಷ್ಟ್ರೀಯ ನಾಗರಿಕ ಪಕ್ಷ. ಸಂಚಾಲಕ ನಾಹಿದ್ ಇಸ್ಲಾಂ. ಆಗಲೂ ಚಪ್ಪಾಳೆ ತಟ್ಟಿದೆವು.

ಈಗ ಚಪ್ಪಾಳೆ ನಿಲ್ಲಿಸಿ ನಾಲ್ಕು ಮಾತು ಆಡಬೇಕಾಗಿದೆ. ಯಾಕೆಂದರೆ ನಮ್ಮಲ್ಲೂ ಕೆಲವರು ನಾವೂ ಒಂದು ಪಾರ್ಟಿ ಮಾಡೋಣ ಅನ್ನುತ್ತಿದ್ದಾರೆ. ಮಾಡಲಿ. ಮೊದಲು ಢಾಕಾದ ಕತೆಯನ್ನು ಪೂರ್ತಿ ಕೇಳಲಿ.

ಆ ಹೋರಾಟ ಎದ್ದದ್ದು ಮೀಸಲಾತಿಯ ಮೇಲೆ. ಇದನ್ನು ನಾವು ಮರೆಯುವ ಹಾಗಿಲ್ಲ. ಅಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡ 56 ಮೀಸಲು ಇತ್ತು. ಅದರಲ್ಲಿ 30 ಪಾಲು 1971ರ ಸ್ವಾತಂತ್ರ್ಯ ಯೋಧರ ಮಕ್ಕಳು ಮೊಮ್ಮಕ್ಕಳಿಗೆ. ಹೆಂಗಸರಿಗೆ 10, ಜಿಲ್ಲೆಗಳಿಗೆ 10, ಆದಿವಾಸಿಗಳಿಗೆ 5, ಅಂಗವಿಕಲರಿಗೆ 1. ಆ 30 ಪಾಲು ಆಳುವ ಪಕ್ಷದವರ ಮನೆಯ ಹುಂಡಿಯಾಗಿದೆ ಎಂದು ಹುಡುಗರು ಸಿಟ್ಟಾದರು. ಸಿಟ್ಟು ನ್ಯಾಯವೇ. ತುಳಿಸಿಕೊಂಡವರಿಗೆ ಕೊಡುವುದು ಮೀಸಲಾತಿ. ಅಧಿಕಾರದ ಹತ್ತಿರ ಇರುವವರಿಗೆ ಕೊಟ್ಟರೆ ಅದು ಉಂಬಳಿ. 2018ರಲ್ಲಿ ಸುಧಾರಣೆ ಕೇಳಿದರೆ, ಸರ್ಕಾರ ಮೇಲಿನ ದರ್ಜೆಯ ನೌಕರಿಗಳಲ್ಲಿ ಎಲ್ಲರ ಮೀಸಲಾತಿಯನ್ನೂ ಕಿತ್ತುಹಾಕಿತು. ಅದನ್ನು 2024ರ ಜೂನಿನಲ್ಲಿ ಹೈಕೋರ್ಟು ತಿರುಗಿ ತಂದಿತು. ಕಿಡಿ ಹತ್ತಿಕೊಂಡಿತು.

ಯಾರ್‍ಯಾರು ಬಂದರು ಆ ಬೀದಿಗೆ? ಜುಲೈ 14ರ ರಾತ್ರಿ, ಹೋರಾಟದ ಹುಡುಗರನ್ನು ರಜಾಕಾರರ ಮೊಮ್ಮಕ್ಕಳೊಂದಿಗೆ ಹೋಲಿಸಿ ಹಸೀನಾ ಮಾತಾಡಿದ ಮೇಲೆ, ಢಾಕಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಹಾಸ್ಟೆಲಿನ ಬೀಗ ಮುರಿದು ನಡುರಾತ್ರಿ ಹೊರಗೆ ಬಂದರು. ಜುಲೈ 16ರಂದು ರಂಗಪುರದಲ್ಲಿ ಅಬು ಸಯೀದ್ ಎರಡೂ ಕೈ ಚಾಚಿ ಪೊಲೀಸರ ಬಂದೂಕಿನ ಮುಂದೆ ನಿಂತ. ಬಡ ಮನೆಯ ಹುಡುಗ. ಮನೆಪಾಠ ಹೇಳಿಕೊಂಡು ಓದುತ್ತಿದ್ದವನು. ಗುಂಡು ಹೊಡೆದರು. ಗುಂಡು ತಿಂದ ಮತ್ತೊಬ್ಬ ಹುಡುಗನನ್ನು ರಿಕ್ಷಾ ತುಳಿಯುವವನೊಬ್ಬ ಗಾಡಿಯ ಕಾಲಿಡುವ ಜಾಗದಲ್ಲಿ ಮಲಗಿಸಿ ಒಯ್ದ. ಆ ದಿನಗಳಲ್ಲಿ 1,400ರಷ್ಟು ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ವರದಿ 2025ರಲ್ಲಿ ಹೇಳಿತು. ಅದರಲ್ಲಿ ಮಕ್ಕಳೂ ಇದ್ದರು.

ಇನ್ನು ಫಲ ಹಂಚಿದ್ದು ನೋಡಿ. ಜುಲೈ 21ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪ್ರತಿಭೆಗೆ 93. ಯೋಧರ ಮಕ್ಕಳಿಗೆ 5. ಆದಿವಾಸಿಗಳಿಗೆ 1. ಅಂಗವಿಕಲರು, ತೃತೀಯ ಲಿಂಗಿಗಳು ಇಬ್ಬರಿಗೂ ಸೇರಿ 1. ಹೆಂಗಸರ 10 ಎಲ್ಲಿ? ಇಲ್ಲ. ಬೀಗ ಮುರಿದು ಬಂದ ತಂಗಿಯರ ಪಾಲು ಸೊನ್ನೆ. ಹಿಂದುಳಿದವರಿಗೆ ಒಂದಷ್ಟು ಉಳಿಸಿ ಅಂತ ವಿದ್ಯಾರ್ಥಿಗಳು ಕೇಳಿದ್ದು ನಿಜ. ಆದರೆ ಐದು ಇದ್ದದ್ದು ಒಂದಾದಾಗ, ಗೆದ್ದ ಬೀದಿ ಆ ನಾಲ್ಕಕ್ಕಾಗಿ ಮತ್ತೆ ತುಂಬಲಿಲ್ಲ. ಪ್ರತಿಭೆ ಅನ್ನೋ ಮಾತು ನಮಗೆ ಹೊಸದಲ್ಲ ಸ್ವಾಮಿ. ಕ್ಲಾಸಿನಲ್ಲಿ ಕೋಟಾದವರು ಅಂತ ಪಿಸುಗುಡುವವರ ಬಾಯಲ್ಲೂ ಅದೇ ಮಾತು.

ಅದೇ 2024ರ ಜೂನಿನಲ್ಲಿ ಹಳೆ ಢಾಕಾದ ಮೀರನ್‌ಜಿಲ್ಲಾ ಎಂಬಲ್ಲಿ ಜಾಡಮಾಲಿಗಳ ಗುಡಿಸಲು ಮನೆಗಳನ್ನು ನಗರಸಭೆ ಕೆಡವಿತು. ಮಾರುಕಟ್ಟೆ ಕಟ್ಟಬೇಕಿತ್ತಂತೆ. ಢಾಕಾದ ಜಾಡಮಾಲಿಗಳೆಂದರೆ ಬ್ರಿಟಿಷರು ಕಾನ್ಪುರದ ಕಡೆಯಿಂದ, ತೆಲುಗು ನಾಡಿನಿಂದ ತಂದು ಇಳಿಸಿದ ಜನ, ನಮ್ಮ ಜನ. ಊರಿನ ಹೇಲು ಬಾಚಿ ತಲೆಮಾರು ಕಳೆದರೂ ಮಲಗುವ ನೆಲ ಅವರದಲ್ಲ. ಹೊಸ ಪಕ್ಷ ಕಟ್ಟುವವರು ಹುಟ್ಟಬೇಕಾದದ್ದು ಇಂಥ ಜಾಗದಲ್ಲಿ. ಹುಟ್ಟಿದ್ದು ಪಾರ್ಲಿಮೆಂಟಿನ ಎದುರಿಗೆ, ಮಾಣಿಕ್ ಮಿಯಾ ರಸ್ತೆಯಲ್ಲಿ.

ಆಮೇಲೆ ಏನಾಯಿತು? ನೈದಿಲೆ ಹೂವಿನ ಗುರುತೇ ಬೇಕೆಂದು ಚುನಾವಣಾ ಆಯೋಗದ ಜೊತೆ ತಿಂಗಳುಗಟ್ಟಲೆ ಜಗಳ. ಕೊನೆಗೆ ಸಿಕ್ಕಿದ್ದು ಮೊಗ್ಗು. ಅದಕ್ಕೆ ನಾವು ನಗುವುದಿಲ್ಲ. 2025ರ ಡಿಸೆಂಬರಿನಲ್ಲಿ ಅವರು ಜಮಾತೆ ಇಸ್ಲಾಮಿಯ ಕೂಟಕ್ಕೆ ಹೋಗಿ ಸೇರಿಕೊಂಡರಲ್ಲ, ಅದಕ್ಕೆ ಅಳುತ್ತೇವೆ. 1971ರಲ್ಲಿ ಆ ನಾಡು ಹುಟ್ಟುವುದನ್ನೇ ವಿರೋಧಿಸಿದ ಪಕ್ಷ ಅದು. ಚುನಾವಣೆಯಲ್ಲಿ ಒಬ್ಬ ಹೆಣ್ಣುಮಗಳಿಗೂ ಟಿಕೆಟ್ ಕೊಡದ ಪಕ್ಷ. ಡಾಕ್ಟರ್ ತಸ್ನೀಂ ಜಾರಾ ಅವರಂಥ ಮುಂಚೂಣಿಯ ಹೆಣ್ಣುಮಕ್ಕಳು ಹೊಸ ಪಕ್ಷ ಬಿಟ್ಟು ನಡೆದರು. 2026ರ ಫೆಬ್ರವರಿ 12ರಂದು ಓಟು ಬಿತ್ತು. ಭಾರಿ ಬಹುಮತದಿಂದ ಗೆದ್ದದ್ದು ಹಳೆಯ ಬಿ.ಎನ್.ಪಿ. ಹುಡುಗರಿಗೆ ಸಿಕ್ಕಿದ್ದು 6 ಸ್ಥಾನ. ಆರು ಸಿಕ್ಕಿದ್ದು ಅವಮಾನವಲ್ಲ, ಹೊಸ ಪಕ್ಷಕ್ಕೆ ಆರೂ ದೊಡ್ಡದೇ. ಆ ಆರಕ್ಕೆ ಯಾರನ್ನು ಮಾರಿದಿರಿ ಎಂಬುದು ನಮ್ಮ ಪ್ರಶ್ನೆ.

ಗೆಲ್ಲೋಕೆ ಕೂಟ ಬೇಕಪ್ಪ, ನೀವೇನು ಬಲ್ಲಿರಿ ಅನ್ನಬಹುದು ಯಾರಾದರೂ. ಬಲ್ಲೆವು. ಆ ನೆಲದ ಋಣ ನಮ್ಮ ಮೇಲಿದೆ. 1946ರಲ್ಲಿ ಬಾಬಾಸಾಹೇಬರಿಗೆ ಮುಂಬಯಿಯಿಂದ ಸಂವಿಧಾನ ಸಭೆಗೆ ಹೋಗುವ ದಾರಿ ಮುಚ್ಚಿದಾಗ ಅವರನ್ನು ಆರಿಸಿ ಕಳಿಸಿದ್ದು ಬಂಗಾಳ. ಅದಕ್ಕೆ ಹೆಗಲು ಕೊಟ್ಟವರು ಬಾರಿಸಾಲದ ಜೋಗೇಂದ್ರನಾಥ ಮಂಡಲ್. ದಲಿತ ರೈತನೂ ಬಡ ಮುಸ್ಲಿಂ ರೈತನೂ ಒಂದೇ ಕೆಸರಿನಲ್ಲಿ ನಿಂತವರು ಎಂದು ನಂಬಿ ಮುಸ್ಲಿಂ ಲೀಗಿನ ಜೊತೆ ಹೋದರು. ನಂಬಿಕೆ ಸುಳ್ಳಲ್ಲ. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ಪೂರ್ವ ಬಂಗಾಳದಲ್ಲಿ ತನ್ನ ಜನರ ಮೇಲೆ ಹಲ್ಲೆಯಾದಾಗ ಮಂತ್ರಿ ಕುರ್ಚಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ರಾಜೀನಾಮೆ ಬರೆದು ಕಲ್ಕತ್ತಕ್ಕೆ ಬಂದರು. ದೊಡ್ಡವರ ಮನೆಯಲ್ಲಿ ಮಣೆ ಸಿಕ್ಕಿತು, ಮಾತು ನಡೆಯಲಿಲ್ಲ.

ಪೂರ್ತಿ ಗೆದ್ದಿದ್ದರೆ ಸರಿಹೋಗುತ್ತಿತ್ತೆ? ಅದನ್ನೂ ನೋಡಿದ್ದೇವೆ, ನಮ್ಮ ದೇಶದಲ್ಲೇ. ಅಸ್ಸಾಮಿನ ವಿದ್ಯಾರ್ಥಿಗಳು ಆರು ವರ್ಷ ಚಳವಳಿ ಮಾಡಿ 1985ರಲ್ಲಿ ಅಸೋಮ್ ಗಣ ಪರಿಷತ್ ಕಟ್ಟಿದರು. ಅದೇ ವರ್ಷ ಗೆದ್ದು ಸರ್ಕಾರ ಮಾಡಿದರು. ಪ್ರಫುಲ್ಲ ಮಹಂತ ಮುಖ್ಯಮಂತ್ರಿ. 1983ರಲ್ಲಿ ನೆಲ್ಲಿಯಲ್ಲಿ ಕೊಚ್ಚಿ ಕೊಂದ ಸಾವಿರಾರು ಬಡ ಮುಸ್ಲಿಮರಿಗೆ ನ್ಯಾಯ ಸಿಗಲಿಲ್ಲ. ಚಳವಳಿಯಲ್ಲಿ ಜೊತೆಗಿದ್ದ ಬೋಡೊ ವಿದ್ಯಾರ್ಥಿಗಳು 1987ರಲ್ಲಿ ತಮಗೆ ಬೇರೆ ರಾಜ್ಯ ಬೇಕೆಂದು ತಾವೇ ಬೀದಿಗಿಳಿಯಬೇಕಾಯಿತು. ಹೊರಗೆ ಜೊತೆಗಿದ್ದವನು ಒಳಗೆ ಬೇಡವಾದ.

ಅದಕ್ಕೇ ಓದೋ ಹುಡುಗರಿಗೆ ರಾಜಕೀಯ ಯಾಕೆ ಅನ್ನುವ ಪುಢಾರಿಗಳ ಮಾತನ್ನು ನಾವು ಹೇಳುತ್ತಿಲ್ಲ. ಆ ಮಾತು ಹೇಳುವವರ ಮಕ್ಕಳು ಓದುತ್ತಲೇ ಟಿಕೆಟ್ ಪಡೆಯುತ್ತಾರೆ. ಪಕ್ಷ ಕಟ್ಟಿ. ಕಟ್ಟುವ ಮೊದಲೇ ಮೂರು ಮಾತು ಬರೆದಿಡಿ.

ಒಂದು: ಮೊದಲ ಸಮಿತಿಯಲ್ಲೇ ಹೆಣ್ಣುಮಕ್ಕಳು, ಜಾಡಮಾಲಿಯ ಮಕ್ಕಳು, ಆದಿವಾಸಿ ಹುಡುಗರು ಅರ್ಧಕ್ಕಿಂತ ಹೆಚ್ಚು ಕೂರಬೇಕು. ಆಮೇಲೆ ಸೇರಿಸಿಕೊಳ್ಳೋಣ ಅಂದರೆ ಎಂದೂ ಸೇರಿಸಿಕೊಳ್ಳುವುದಿಲ್ಲ.

ಎರಡು: ಯಾರ ಜೊತೆ ಕೂಟ ಎಂಬುದನ್ನು ನಾಲ್ಕು ಜನ ಬಾಗಿಲು ಹಾಕಿಕೊಂಡು ತೀರ್ಮಾನಿಸಬಾರದು. ತೆರೆದ ಸಭೆಯಲ್ಲಿ ಕೈಯೆತ್ತಿಸಬೇಕು. ಆ ಕೂಟದಿಂದ ಯಾರಿಗೆ ಪೆಟ್ಟು ಬೀಳುತ್ತದೋ ಅವರು ಬೇಡ ಅಂದರೆ ಬೇಡ.

ಮೂರು: ಮೀಸಲಾತಿಯ ಬಗ್ಗೆ ಪಕ್ಷದ ನಿಲುವು ಪ್ರಣಾಳಿಕೆಯ ಮೊದಲ ಪುಟದಲ್ಲಿರಬೇಕು. ಅದನ್ನು ಕೊನೆಗೆ ತಳ್ಳುವವನಿಗೆ ನಮ್ಮ ಓಟೂ ಇಲ್ಲ, ನಮ್ಮ ಕೊರಳೂ ಇಲ್ಲ.

ಢಾಕಾದ ಆ ಹುಡುಗರು ನಮ್ಮ ಶತ್ರುಗಳಲ್ಲ. ಗುಂಡಿಗೆ ಎದೆಯೊಡ್ಡಿದವರ ಜೊತೆಗಾರರು. ಅವರಿನ್ನೂ ಚಿಕ್ಕವರು, ತಿದ್ದಿಕೊಳ್ಳಲು ವರ್ಷಗಳಿವೆ. ಪಾರ್ಲಿಮೆಂಟಿಗೆ ಹೋದ ಆ ಆರು ಜನ ಮೊದಲು ಕೇಳಬೇಕಾದ್ದು ಆದಿವಾಸಿಗಳ ಆ ನಾಲ್ಕು, ಹೆಂಗಸರ ಆ ಹತ್ತು, ಮೀರನ್‌ಜಿಲ್ಲಾದ ಆ ನೆಲ. ಕೇಳಿದರೆ ನಮ್ಮ ಹಾಸ್ಟೆಲುಗಳಲ್ಲಿ ಮತ್ತೆ ಚಪ್ಪಾಳೆ ಬೀಳುತ್ತದೆ. ಅಲ್ಲಿಯವರೆಗೆ ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಮ್ಮ ನಮ್ಮ ರೂಮುಗಳಲ್ಲಿ ಕೂತು ಮಾತಾಡೋಣ. ಮುಂದಿನ ಸಭೆಗೆ ಬರುವಾಗ ಅಡುಗೆಮನೆಯ ಅಕ್ಕನನ್ನೂ ಕರೆತನ್ನಿ. ಅವಳು ಹಿಂದಿನ ಸಾಲಿನಲ್ಲಿ ಕೂರೋದು ಬೇಡ.

ಜೈ ಭೀಮ್.