ಹೊಳೆಯ ದಡದ ಬೀಡು



ನಮ್ಮ ನೆಂಟರೊಬ್ಬರ ಮಗ ಮತ್ತು ಸೊಸೆ ಕೆಲವು ವರ್ಷಗಳಿಂದ ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದಾರೆ. ಕಳೆದ ದೀಪಾವಳಿಗೆ ದೊಡ್ಡಬಳ್ಳಾಪುರಕ್ಕೆ ಬಂದಿದ್ದಾಗ, ಅಲ್ಲಿನ ಬೆನ್ ನೆವಿಸ್ ಬೆಟ್ಟದ ತಪ್ಪಲಿನಲ್ಲಿ ಹೊಳೆಯ ಪಕ್ಕ ಡೇರೆ ಹಾಕಿಕೊಂಡು ತಂಗಿದ್ದ ವೃತ್ತಾಂತವನ್ನು ನಮಗೆ ಹೇಳಿದರು. 1,345 ಮೀಟರ್ ಎತ್ತರದ ಆ ಬೆಟ್ಟವು ಬ್ರಿಟನ್ನಿನಲ್ಲೇ ಅತಿ ಎತ್ತರದ್ದು. ಕೈಯಿಟ್ಟರೆ ಜೋಮು ಹಿಡಿಯುವಂಥ ನೀರು, ಸಂಜೆಯಾದರೆ ಮೋಡದಂತೆ ಮುತ್ತುವ ಕಿರುಸೊಳ್ಳೆಗಳು, ಒಂದು ಕೊಳಾಯಿ, ಒಂದು ಶೌಚಾಲಯ. ಇದಿಷ್ಟೇ ಅಲ್ಲಿನ ಸೌಕರ್ಯವಂತೆ.

"ಇಷ್ಟಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಾ ಮಗಳೇ?" ಎಂದು ನಮ್ಮ ತಾಯಿಯವರು ಕೇಳಿದರು.

ಆ ಹುಡುಗಿ ನಕ್ಕು, "ಅಜ್ಜಿ, ಅಲ್ಲಿ ಮಲಗಿದ್ದಾಗ ನೀವು ಹೇಳುತ್ತಿದ್ದ ಗಾಡಿಯ ಕಥೆಯೇ ನೆನಪಾಯಿತು" ಎಂದಳು.

ಗಾಡಿಯ ಕಥೆಯನ್ನು ನಮ್ಮ ಮನೆಯ ಮಕ್ಕಳೆಲ್ಲ ಬಲ್ಲರು. ತಾಯಿಯವರು ಚಿಕ್ಕವರಾಗಿದ್ದಾಗ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಅರ್ಕಾವತಿಯ ದಡದಲ್ಲಿ ಒಂದು ರಾತ್ರಿಯ ಬೀಡು. ಎತ್ತುಗಳನ್ನು ಬಿಚ್ಚಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಮರಳಿನಲ್ಲಿ ಒರತೆ ತೋಡಿ ನೀರು ತುಂಬಿಕೊಂಡರೆ ಮನೆ ಸಿದ್ಧವಾಯಿತು. ಆ ನೀರಿನಲ್ಲೇ ಅಡಿಗೆ, ಆ ನೀರಿನಲ್ಲೇ ಲಿಂಗಪೂಜೆ.

ಸ್ಕಾಟ್ಲೆಂಡಿನ ಒಂದು ವಿಷಯ ನಮ್ಮ ಮನಸ್ಸನ್ನು ಹಿಡಿಯಿತು. ಅಲ್ಲಿ 2003ರ ಭೂಸುಧಾರಣಾ ಕಾನೂನು, ನೆಲದ ಒಡೆಯರು ಯಾರೇ ಆಗಿರಲಿ, ಹೆಚ್ಚಿನ ಬಯಲು ನೆಲದಲ್ಲಿ ನಡೆದಾಡುವ ಮತ್ತು ಡೇರೆ ಹಾಕಿ ತಂಗುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಆದರೆ ಹಕ್ಕಿನ ಜೊತೆಗೇ ಹೊಣೆಯೂ ಇದೆ. ಗುಂಪು ಚಿಕ್ಕದಾಗಿರಬೇಕು, ಒಂದೆಡೆ ಎರಡು ಮೂರು ರಾತ್ರಿಗಳನ್ನು ಮೀರಬಾರದು, ಮೂತ್ರವಿಸರ್ಜನೆಗೂ ಹೊಳೆಯಿಂದ ಕನಿಷ್ಠ 30 ಮೀಟರ್ ದೂರ ಹೋಗಬೇಕು, ಹೊರಟ ಮೇಲೆ ತಂಗಿದ್ದ ಗುರುತೇ ಉಳಿಯಬಾರದು. ಈ ಹೊಣೆಯನ್ನು ಮರೆತು ಜನರು ಕಸ ಎಸೆದು ಮರ ಕಡಿದುದರಿಂದ, ಲಾಕ್ ಲೊಮಂಡ್ ಸರೋವರದ ಹಲವು ದಡಗಳಲ್ಲಿ 2017ರಿಂದೀಚೆಗೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಅನುಮತಿ ಚೀಟಿಯಿಲ್ಲದೆ ಡೇರೆ ಹಾಕುವಂತಿಲ್ಲ. ಹೊಣೆ ಹೋದರೆ ಹಕ್ಕೂ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

"ನಾನೂ ಒಮ್ಮೆ ಹೊಳೆಯ ದಡದಲ್ಲಿ ಮಲಗಬೇಕು" ಎಂದು ತಾಯಿಯವರು ಅಂದೇ ರಾತ್ರಿ ಹೇಳಿದರು. ಎಂಬತ್ತು ದಾಟಿದವರ ಬಯಕೆಯನ್ನು ಮುಂದಕ್ಕೆ ಹಾಕಬಾರದು. ಆದರೆ ಎಲ್ಲಿಗೆ ಕರೆದೊಯ್ಯುವುದು? ನಮ್ಮೂರ ಬಳಿಯ ಅರ್ಕಾವತಿಯಲ್ಲಿ ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ ಹರಿವೇ ಇಲ್ಲ. ಕೊನೆಗೆ, ಅದೇ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಸೀಮೆಗೆ ಹೋಗುವುದೆಂದು ನಿಶ್ಚಯಿಸಿದೆವು. ಸಂಗಮವಿರುವ ಕನಕಪುರ ತಾಲ್ಲೂಕು 2007ರವರೆಗೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಹೀಗಾಗಿ ನಮಗದು ತೀರ ಪರಸ್ಥಳವೇನೂ ಅಲ್ಲ.

ಸಂಗಮಕ್ಕೆ ಮೇಲಿನ ಕಾವೇರಿಯ ದಡವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಭಾಗವಾಗಿದೆ. ಅಲ್ಲಿ ಮನಬಂದೆಡೆ ಡೇರೆ ಹಾಕುವಂತಿಲ್ಲ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳಿವೆ. ನಾವು ಆ ದಡದ ಒಂದು ಸಾದಾ ಶಿಬಿರದಲ್ಲಿ ಎರಡು ರಾತ್ರಿಗಳಿಗೆ ಮೊದಲೇ ಜಾಗ ಗೊತ್ತುಮಾಡಿಕೊಂಡು, ಜನವರಿಯ ಒಂದು ಮುಂಜಾನೆ, ಮಕ್ಕಳೂ ಸೇರಿ ಒಂಬತ್ತು ಜನ ಹೊರಟೆವು. ಬೆಂಗಳೂರನ್ನು ದಾಟಿ ಕನಕಪುರಕ್ಕೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಅಲ್ಲಿಂದ ಮುಂದೆ ರಾಗಿಯ ಕೂಳೆಹೊಲಗಳು, ಬಂಡೆಗುಡ್ಡಗಳು, ಆಮೇಲೆ ಕಾಡು.

ಶಿಬಿರವೆಂದರೆ ದಪ್ಪ ಬಟ್ಟೆಯ ಡೇರೆ, ಅದರೊಳಗೆ ಮಂಚ, ಒಂದು ದೀಪ, ಅಷ್ಟೆ. ದೂರದರ್ಶನವಿಲ್ಲ. ಮೊಬೈಲ್ ಫೋನಿಗೆ ಸಿಗ್ನಲ್ ಇಲ್ಲ. ಮೊದಲ ಒಂದು ಗಂಟೆ ಮಕ್ಕಳು ಕಳೆದುಕೊಂಡ ವಸ್ತುವನ್ನು ಹುಡುಕುವವರಂತೆ ಫೋನನ್ನು ಎತ್ತಿ ಹಿಡಿದು ಅತ್ತಿತ್ತ ತಿರುಗಿದರು. ಆಮೇಲೆ ಹೊಳೆಯು ಅವರನ್ನು ಕರೆದುಕೊಂಡಿತು. ದಡದುದ್ದಕ್ಕೂ ಹೊಳೆಮತ್ತಿಯ ಹೆಮ್ಮರಗಳು. ಬೇರುಗಳು ನೀರಿಗೆ ಇಳಿಬಿದ್ದಿದ್ದವು. ನೀರಿನಲ್ಲಿ ಬಂಡೆಗಳ ಸಾಲು, ಬಂಡೆಗಳ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ.

ಶಿಬಿರದ ಕಾವಲಿನವರು ಬಂದವರಿಗೆಲ್ಲ ಮೊದಲು ಹೇಳುವ ಮಾತು ಒಂದೇ: "ಹೊಳೆ ನೋಡೋದಕ್ಕೆ ಸಾಧು. ನಂಬಬೇಡಿ." ಇಲ್ಲಿ ಮೊಸಳೆಗಳುಂಟು, ಬಂಡೆಗಳ ನಡುವೆ ಸುಳಿಗಳುಂಟು. ಮೇಲೆ ನೀರು ಬಿಟ್ಟರೆ ಮಟ್ಟವು ಸದ್ದಿಲ್ಲದೆ ಏರುತ್ತದೆ. ಇಷ್ಟು ಹೇಳಿದರೂ ಎರಡನೆಯ ದಿನ ಬೆಳಿಗ್ಗೆ ನಮ್ಮ ತಮ್ಮನ ಹನ್ನೆರಡು ವರ್ಷದ ಮಗ, ಒಂದು ಬಂಡೆಯಿಂದ ಇನ್ನೊಂದಕ್ಕೆ ದಾಟಲು ಹೋಗಿ ಪಾಚಿಯಲ್ಲಿ ಜಾರಿ ಸೊಂಟದವರೆಗೆ ನೀರಿಗೆ ಬಿದ್ದನು. ಕಾವಲಿನವರು ಓಡಿಬಂದು ತೋಳು ಹಿಡಿದು ಎಳೆದರು. ಮೊಣಕಾಲು ತರಚಿತ್ತು, ಅಷ್ಟೆ. ಆದರೆ ಆ ಅರೆ ನಿಮಿಷದಲ್ಲಿ ನಮ್ಮ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಸಂಗಮ, ಮೇಕೆದಾಟುಗಳಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಗುಚುವ ನಾವು, ಅದರ ಅರ್ಥವನ್ನು ಅಂದು ಕಂಡೆವು.

ಬಂಧುಗಳೇ, ಹೊಳೆಯ ದಡದ ರಾತ್ರಿಯನ್ನು ಕುರಿತು ಒಂದೆರಡು ಮಾತು ಹೇಳಲೇಬೇಕು. ಕತ್ತಲಾದೊಡನೆ ನೀರಿನ ಸದ್ದು ದೊಡ್ಡದಾಗುತ್ತದೆ. ಹಗಲೆಲ್ಲ ಅದು ಇದ್ದೇ ಇತ್ತು. ನಮ್ಮ ಮಾತಿನ ಗಲಾಟೆಯಲ್ಲಿ ಕೇಳಿಸಿರಲಿಲ್ಲ. ಆಚೆ ದಡದ ಕಾಡಿನಲ್ಲಿ ಏನೋ ಕೊಂಬೆ ಮುರಿಯಿತು. "ಆನೆ" ಎಂದು ಕಾವಲಿನವರು ಮೆಲ್ಲಗೆ ಹೇಳಿದರು. ಒಂಬತ್ತು ಜನರೂ ಒಂದೇ ಜಮಖಾನದ ಮೇಲೆ ಒತ್ತರಿಸಿ ಕುಳಿತೆವು. ಮನೆಯಲ್ಲಿ ನಾಲ್ಕು ಕೋಣೆಗಳಲ್ಲಿ ನಾಲ್ಕು ಲೋಕಗಳಾಗಿದ್ದ ಸಂಸಾರವು ಅಲ್ಲಿ ಒಂದೇ ಆಯಿತು. ತಾಯಿಯವರು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿಗಳೇ ಊಟ. ಪಾತ್ರೆಗಳು ಕಡಿಮೆಯಿದ್ದುದರಿಂದ ಇಬ್ಬಿಬ್ಬರಿಗೆ ಒಂದು ತಟ್ಟೆ. ಯಾರೂ ಕೊರತೆಯೆಂದು ಹೇಳಲಿಲ್ಲ. ಬದುಕಿಗೆ ಬೇಕಾದುದು ಎಷ್ಟು ಕಡಿಮೆ ಎಂಬುದನ್ನು ಪುರಾಣ ಪ್ರವಚನಗಳಲ್ಲಿ ಬಹುಕಾಲ ಕೇಳಿದ್ದೇವೆ. ಕೇಳುವುದಕ್ಕೂ ಎರಡು ರಾತ್ರಿ ಹಾಗೆ ಇರುವುದಕ್ಕೂ ಅಂತರವಿದೆ.

ಬೆಳಿಗ್ಗೆ ತಾಯಿಯವರು ಮೊಮ್ಮಕ್ಕಳನ್ನು ಕರೆದುಕೊಂಡು ದಡದ ಮರಳಿಗೆ ಹೋದರು. ಕಾವಲಿನವರು ಜೊತೆಗೆ ನಿಂತರು. ನೀರಿನಂಚಿನಿಂದ ಮೂರು ಮಾರು ಹಿಂದೆ ಸರಿದು, ಬೊಗಸೆಯಿಂದ ಮರಳನ್ನು ತೋಡಿಸಿದರು. ಮೊಳದಾಳದಲ್ಲಿ ಕೆಂಪು ನೀರು ಜಿನುಗಿತು. "ಇದನ್ನು ಚೆಲ್ಲಿ" ಎಂದರು. ಚೆಲ್ಲಿದರು. ಮತ್ತೆ ಜಿನುಗಿತು, ಮತ್ತೆ ಚೆಲ್ಲಿದರು. ಮೂರನೆಯ ಸಲ ತುಂಬಿದ ನೀರು ಕನ್ನಡಿಯಂತಿತ್ತು. ಮರಳೇ ಸೋಸಿ ಕೊಟ್ಟ ನೀರು. ಮನೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಗೋಡೆಗೆ ತೂಗುಹಾಕಿರುವ ಯಂತ್ರವು ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಹೊಳೆಯು ಪುಕ್ಕಟೆಯಾಗಿ ಮಾಡುತ್ತಿತ್ತೆಂದು ಮಕ್ಕಳು ಅಂದೇ ತಿಳಿದರು. ಆ ನೀರನ್ನು ಗಿಂಡಿಯಲ್ಲಿ ತುಂಬಿಕೊಂಡು ತಾಯಿಯವರು ಬಂಡೆಯ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಿದರು. ಅವರ ಮುಖದಲ್ಲಿ ಅಂದು ಕಂಡ ನೆಮ್ಮದಿಯನ್ನು ನಾವು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಮೂರನೆಯ ದಿನ ಡೇರೆಯನ್ನು ತೆರವು ಮಾಡಿದೆವು. ಸ್ಕಾಟ್ಲೆಂಡಿನ ನಿಯಮವನ್ನು ನೆನಪಿಟ್ಟಿದ್ದ ಹುಡುಗರು ಸುತ್ತಲಿನ ಕಸವನ್ನೆಲ್ಲ, ನಮ್ಮದಲ್ಲದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ತುಂಬಿ ವಾಹನದಲ್ಲಿಟ್ಟುಕೊಂಡರು. ಊರಿನ ದಾರಿ ಹಿಡಿಯುವ ಮೊದಲು ಸಂಗಮವನ್ನು ನೋಡಬೇಕೆಂದು ಹೊಳೆಯ ಕೆಳದಿಕ್ಕಿಗೆ ಹೋದೆವು. ಸಂಗಮವೆಂದರೆ ನಮ್ಮವರಿಗೆ ಕೂಡಲಸಂಗಮದ ನೆನಪಾಗುವುದು ಸಹಜ. ತಾಯಿಯವರು ಗಿಂಡಿಯನ್ನು ಕೈಯಲ್ಲೇ ಹಿಡಿದಿದ್ದರು. ಎರಡು ಹೊಳೆ ಕೂಡುವಲ್ಲಿ ನೀರು ತುಂಬಿಕೊಂಡು ಮನೆಗೆ ಒಯ್ಯಬೇಕೆಂಬ ಇಚ್ಛೆ.

ಬಾಗಿ ತುಂಬುವಷ್ಟರಲ್ಲಿ ಹರಿಗೋಲಿನವರು ಕೂಗಿ ಹೇಳಿದರು: "ಅಜ್ಜೀ, ಈ ಕಡೆಯದು ಬೇಡ. ಆ ಕಡೆ ಕಾವೇರೀದು ತಗೊಳ್ಳಿ."

"ಇದು ಯಾವ ಹೊಳೆಯಪ್ಪ?"

"ಅರ್ಕಾವತಿ. ಬೆಂಗಳೂರಿನ ಕೊಳಕೆಲ್ಲ ಇದರಲ್ಲೇ ಬರೋದು."

ತಾಯಿಯವರು ಗಿಂಡಿಯನ್ನು ಹಾಗೆಯೇ ಹಿಡಿದು ನಿಂತರು. ಮೊಮ್ಮಗಳು ಕೇಳಿದಳು, "ಅಜ್ಜಿ, ನಮ್ಮೂರಲ್ಲಿ ಒಣಗಿರೋ ಹೊಳೆ ಇಲ್ಲಿ ಹೇಗೆ ಹರಿಯುತ್ತೆ?"

ಮಗುವಿನ ಪ್ರಶ್ನೆಗೆ ನಾವೇ ಉತ್ತರ ಹೇಳಬೇಕಾಯಿತು. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಬರುವ ಅರ್ಕಾವತಿಯೇ ಬೆಂಗಳೂರಿಗೆ ಕೊಳಾಯಿಯ ನೀರನ್ನು ಕೊಟ್ಟ ಮೊದಲ ಹೊಳೆ. ಮೊದಲು ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಆಕೆ ನಗರಕ್ಕೆ ನೀರೂಡಿದಳು. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯೂ ತಿಪ್ಪಗೊಂಡನಹಳ್ಳಿಯಲ್ಲೇ ಆಕೆಯನ್ನು ಕೂಡುತ್ತಾಳೆ. ಆಮೇಲೆ ಕೆರೆಗಳ ಸರಪಣಿ ಕಡಿಯಿತು. ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ನೆಲದಾಳದ ನೀರನ್ನು ಹೀರಿದವು. ಮರಳು ಲಾರಿಗಳಲ್ಲಿ ಹೋಯಿತು. ನಗರವು 1974ರಿಂದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಮೇಲೆತ್ತಿ ತರುತ್ತಿದೆ. ಆ ನೀರು ಬಳಕೆಯಾಗಿ, ಕೊಳೆಯಾಗಿ, ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಯ ಪಾತ್ರದಲ್ಲಿ ಹರಿದು ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಸಂಗಮಕ್ಕೆ ಬರುವುದು ಬಹುಪಾಲು ಈ ನೀರೇ. ಕಾವೇರಿಯಿಂದ ಪಡೆದುದನ್ನು ನಾವು ಕಾವೇರಿಗೆ ಹೀಗೆ ಹಿಂದಿರುಗಿಸುತ್ತಿದ್ದೇವೆ.

ಎಲ್ಲವನ್ನೂ ಕೇಳಿದ ತಾಯಿಯವರು, ಬಗ್ಗಿ ಆ ನೀರನ್ನು ಬೆರಳ ತುದಿಯಿಂದ ಮುಟ್ಟಿ, "ನಮ್ಮೂರ ಮಗಳು ಹರಕು ಸೀರೆಯಲ್ಲಿ ಎದುರು ಬಂದಳೆಂದು ಮುಖ ತಿರುಗಿಸಿಕೊಳ್ಳೋದಕ್ಕಾಗುತ್ತಾ?" ಎಂದರು. ಗಿಂಡಿಯನ್ನು ತುಂಬಲಿಲ್ಲ. ಕಾವೇರಿಯ ನೀರನ್ನೂ ತುಂಬಿಕೊಳ್ಳಲಿಲ್ಲ. ಬರಿದಾದ ಗಿಂಡಿಯೊಂದಿಗೇ ವಾಹನ ಹತ್ತಿದರು.

ದಾರಿಯುದ್ದಕ್ಕೂ ನಮಗೆ ಬೆಂಗಳೂರಿನವರನ್ನು ದೂರುವುದು ಸುಲಭವಾಗಿತ್ತು. ಆದರೆ ಸತ್ಯವನ್ನು ಒಪ್ಪಲೇಬೇಕು. ನಮ್ಮ ಎರಡು ಎಕರೆ ಬೆದ್ದಲಿನಲ್ಲಿ, ಕೂಲಿಯ ತಾಪತ್ರಯವಿಲ್ಲವೆಂದು ನೀಲಗಿರಿ ನೆಟ್ಟವರು ನಾವೇ. ಹೊಸದಾಗಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿದರೂ, ಕಡಿದ ಬುಡದಿಂದ ಚಿಗುರಿದ್ದನ್ನು ಮತ್ತೊಮ್ಮೆ ಮಾರಬಹುದೆಂದು ಬಿಟ್ಟುಕೊಂಡವರೂ ನಾವೇ. ಮನೆಯ ಬಚ್ಚಲ ನೀರನ್ನು ರಾಜಕಾಲುವೆಗೆ ಬಿಟ್ಟವರೂ ಬೇರೆ ಯಾರೂ ಅಲ್ಲ. ಡೇರೆಯಲ್ಲಿದ್ದಾಗ ಹೊಳೆಯಿಂದ ಮೂವತ್ತು ಮೀಟರ್ ದೂರವಿರಬೇಕೆಂದು ಮಕ್ಕಳಿಗೆ ಕಲಿಸಿದ ನಾವು, ಮನೆಯಲ್ಲಿ ಮೂರು ಅಡಿಯ ಎಚ್ಚರವನ್ನೂ ಇಟ್ಟುಕೊಂಡಿರಲಿಲ್ಲ.

ಯುಗಾದಿಗೆ ಮುಂಚೆ ನೀಲಗಿರಿಯ ಬುಡಗಳನ್ನು ಯಂತ್ರ ತರಿಸಿ ಕೀಳಿಸಿದೆವು. ಹಣ ಖರ್ಚಾಯಿತು, ತಮ್ಮನಿಗೆ ಇದು ಅಷ್ಟಾಗಿ ಹಿಡಿಸಲೂ ಇಲ್ಲ. ಮಳೆ ಬಿದ್ದ ಮೇಲೆ ಅಲ್ಲಿ ಹೊಂಗೆ, ಹುಣಿಸೆಗಳನ್ನು ನೆಡುವುದೆಂದು ತೀರ್ಮಾನಿಸಿದ್ದೇವೆ. ಬಚ್ಚಲ ನೀರಿಗೆ ಹಿತ್ತಿಲಿನಲ್ಲಿ ಇಂಗುಗುಂಡಿಯಾಗಿದೆ. ಇದರಿಂದ ಅರ್ಕಾವತಿ ತುಂಬಿ ಹರಿಯುವಳೆಂಬ ಭ್ರಮೆ ನಮಗಿಲ್ಲ. ಆದರೆ 2022ರ ಮಳೆಗೆ ನಮ್ಮ ಸೀಮೆಯ ಕೆರೆಗಳು ಕೋಡಿ ಬಿದ್ದುದನ್ನು ಕಣ್ಣಾರೆ ಕಂಡಿದ್ದೇವೆ. ಆಕೆ ಹರಿಯುವುದನ್ನು ಮರೆತಿಲ್ಲ. ದಾರಿಯನ್ನು ಕಟ್ಟಿದವರು ನಾವು.

ಹೀಗೆ ಹೊಳೆಯ ದಡದಲ್ಲಿ ತಂಗಲು ಬಯಸುವ ಕುಟುಂಬಗಳಿಗೆ ನಮ್ಮ ಕೆಲವು ಸೂಚನೆಗಳು: ಮಳೆಗಾಲ ಕಳೆದು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಅಭಯಾರಣ್ಯದಲ್ಲಿ ಅನುಮತಿಯಿರುವ ಶಿಬಿರದಲ್ಲೇ ತಂಗಿರಿ. ಮಕ್ಕಳ ಮೇಲಿನ ಕಣ್ಣನ್ನು ಒಂದು ಗಳಿಗೆಯೂ ತೆಗೆಯಬೇಡಿರಿ. ಈಜು ಬಂದವರೂ ನೀರಿಗೆ ಇಳಿಯುವುದು ಬೇಡ. ಸೋಪು, ಶಾಂಪೂಗಳನ್ನು ಹೊಳೆಗೆ ಒಯ್ಯಬೇಡಿರಿ. ಕುಡಿಯಲು ಶಿಬಿರದವರು ಕೊಡುವ ನೀರನ್ನೇ ಬಳಸಿರಿ. ಹಾಸಿಗೆ ಹೊದಿಕೆಗಳಿಗಿಂತ ಹೆಚ್ಚಾಗಿ ಮನೆಯ ಹಿರಿಯರನ್ನು ಕರೆದೊಯ್ಯಿರಿ. ಅವರಿಗೆ ಗೊತ್ತಿರುವ ಹೊಳೆಯನ್ನು ಮಕ್ಕಳಿಗೆ ತೋರಿಸುವ ಕಾಲ ಇನ್ನು ಬಹಳ ಉಳಿದಿಲ್ಲ.

ತಾಯಿಯವರ ಗಿಂಡಿ ಈಗಲೂ ದೇವರ ಜಗಲಿಯ ಮೇಲಿದೆ. "ಅರ್ಕಾವತಿಯಲ್ಲಿ ಒರತೆ ತೋಡಿದ ದಿನ ಇದನ್ನು ತುಂಬಿಕೊಡಿ" ಎಂದು ಮೊಮ್ಮಕ್ಕಳಿಗೆ ಹೇಳಿದ್ದಾರೆ.