ಚಂಬಾದ ಗಬರ್ ಸಿಂಗ್: ಗೋರಿಯಿಲ್ಲದ ಯೋಧನ ಸ್ಮರಣೆ ಯಾರ ಹೊಣೆ?

ಋಷಿಕೇಶ ಹಾಗೂ ಮಸ್ಸೂರಿ ಕಡೆಯಿಂದ ಏರಿ ಬರುವ ರಸ್ತೆಗಳು ಕೂಡುವ ಚಂಬಾ, ಉತ್ತರಾಖಂಡದ ತೆಹ್ರಿ ಗಢವಾಲ್ ಜಿಲ್ಲೆಯ ಪುಟ್ಟ ಪಟ್ಟಣ. (ಹಿಮಾಚಲ ಪ್ರದೇಶದ ಹೆಸರಾಂತ ಚಂಬಾ ಬೇರೆ.) ಪ್ರತಿವರ್ಷ ಏಪ್ರಿಲ್‌ನಲ್ಲಿ ಇಲ್ಲೊಂದು ಜಾತ್ರೆ ನೆರೆಯುತ್ತದೆ. ಅದು ದೇವರ ಜಾತ್ರೆಯಲ್ಲ. ಹತ್ತೊಂಬತ್ತರ ಹರೆಯದಲ್ಲಿ ಫ್ರಾನ್ಸಿನ ಕಂದಕವೊಂದರಲ್ಲಿ ಮಡಿದ ರೈಫಲ್‌ಮನ್ ಗಬರ್ ಸಿಂಗ್ ನೇಗಿಯ ಹೆಸರಿನ ಜಾತ್ರೆ.

1915ರ ಮಾರ್ಚ್ 10ರಂದು ನವ್ ಶಾಪೆಲ್‌ನಲ್ಲಿ ಜರ್ಮನ್ ಕಂದಕಗಳ ಮೇಲೆ ದಾಳಿ ಆರಂಭವಾಯಿತು. 39ನೇ ಗಢವಾಲ್ ರೈಫಲ್ಸ್‌ನ ಎರಡನೆಯ ಬೆಟಾಲಿಯನ್ನಿನ ಗಬರ್ ಸಿಂಗ್, ಕೈಬಾಂಬುಗಳೊಂದಿಗೆ ಮುನ್ನುಗ್ಗಿದ ತಂಡದಲ್ಲಿದ್ದರು. ಕಂದಕದ ಪ್ರತಿ ತಿರುವಿನಲ್ಲೂ ಎಲ್ಲರಿಗಿಂತ ಮೊದಲು ನುಗ್ಗಿ, ಎದುರಾಳಿಗಳು ಶರಣಾಗುವವರೆಗೂ ಹಿಮ್ಮೆಟ್ಟಿಸಿದರು ಎನ್ನುತ್ತದೆ ವಿಕ್ಟೋರಿಯಾ ಕ್ರಾಸ್ ಪ್ರಶಸ್ತಿಯ ಅಧಿಕೃತ ಉಲ್ಲೇಖ. ಆ ಕಾದಾಟದಲ್ಲೇ ಅವರು ಹತರಾದರು. ಪದಕ ಘೋಷಣೆಯಾದದ್ದು ಮರಣಾನಂತರ. ಅವರಿಗೆ ಗೋರಿಯಿಲ್ಲ. ಅದೇ ಊರಿನಲ್ಲಿ 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕದ ಗೋಡೆಯ ಮೇಲೆ, 4,700ಕ್ಕೂ ಅಧಿಕ ಹೆಸರುಗಳ ನಡುವೆ ಅವರದೂ ಒಂದು.

ಹೆಸರು ಕೆತ್ತಿಸಿಕೊಳ್ಳುವ ಈ ಭಾಗ್ಯವೂ ಎಲ್ಲರದಾಗಿರಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರುಗಳು ಮೂಡಿದವು. ಭಾರತದ ಸಾಮಾನ್ಯ ಸಿಪಾಯಿಗಳು ಆಯಾ ರೆಜಿಮೆಂಟಿನ ಕೆಳಗೆ ಕೇವಲ ಸಂಖ್ಯೆಗಳಾದರು. ಏಷ್ಯಾ, ಆಫ್ರಿಕಾ ಮೂಲದ ಕನಿಷ್ಠ 1.16 ಲಕ್ಷ, ಪ್ರಾಯಶಃ 3.5 ಲಕ್ಷದವರೆಗೂ ಮೃತರನ್ನು ಹೆಸರಿನಿಂದ ಸ್ಮರಿಸಲಾಗಿಲ್ಲ, ಅಥವಾ ಸ್ಮರಿಸಲಾಗಿಯೇ ಇಲ್ಲ ಎಂಬುದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ತಾನೇ ಒಪ್ಪಿಕೊಂಡು ಕ್ಷಮೆ ಕೋರಿತು. ಶತಮಾನ ತಡವಾದ ಕ್ಷಮೆ!

ಬ್ರಿಟನ್ನನ್ನು ದೂರಿದಷ್ಟಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಈ ಸೈನಿಕರ ಬಗ್ಗೆ ಭಾರತದ ನಿಲುವೂ ಸ್ಥಿರವಾಗಿಲ್ಲ. ಪ್ರಧಾನಿ ನರೇಂದ್ರ ಮೋದಿ 2015ರಲ್ಲಿ ನವ್ ಶಾಪೆಲ್‌ಗೂ 2017ರಲ್ಲಿ ಇಸ್ರೇಲಿನ ಹೈಫಾಕ್ಕೂ ತೆರಳಿ ನಮನ ಸಲ್ಲಿಸಿದರು. ಆದರೆ 2022ರ ಜನವರಿಯಲ್ಲಿ ಇಂಡಿಯಾ ಗೇಟ್‌ನ ಅಮರ ಜವಾನ್ ಜ್ಯೋತಿಯನ್ನು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ವಿಲೀನಗೊಳಿಸಿದಾಗ, ಗೇಟ್‌ನ ಮೇಲಿರುವುದು ಬ್ರಿಟಿಷರಿಗಾಗಿ ಹೋರಾಡಿದವರ ಹೆಸರುಗಳು, ಅದು ವಸಾಹತು ಗತಕಾಲದ ಕುರುಹು ಎಂಬ ವಾದ ಸರ್ಕಾರಿ ಮೂಲಗಳಿಂದಲೇ ಹೊರಬಿತ್ತು. ವಿದೇಶದಲ್ಲಿ ವೀರರಾದವರು ದೆಹಲಿಯಲ್ಲಿ ಮುಜುಗರದ ವಸ್ತುವಾದದ್ದು ಹೇಗೆ? ಸ್ವಾತಂತ್ರ್ಯಾನಂತರ ಮಡಿದವರಿಗೆ ಪ್ರತ್ಯೇಕ ಸ್ಮಾರಕ ಬೇಕಿತ್ತೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಹಿಂದಿನವರನ್ನು ಸಣ್ಣವರನ್ನಾಗಿಸುವ ಅಗತ್ಯವಿರಲಿಲ್ಲ. ಬೆಟ್ಟದ ಹಳ್ಳಿಯ ಹುಡುಗ ಸೈನ್ಯ ಸೇರಿದಾಗ ಸಾಮ್ರಾಜ್ಯದ ನೀತಿಯನ್ನು ನಿರ್ಧರಿಸುವ ಸ್ಥಾನದಲ್ಲಿ ಅವನಿರಲಿಲ್ಲ.

ಚಂಬಾಕ್ಕೆ ಈ ಜಿಜ್ಞಾಸೆ ತಟ್ಟಿದಂತಿಲ್ಲ. ಅದಕ್ಕೊಂದು ಪ್ರಬಲ ಕಾರಣವೂ ಇದೆ. ಗಬರ್ ಸಿಂಗ್ ಇದ್ದ ರೆಜಿಮೆಂಟ್ ಗಢವಾಲ್ ರೈಫಲ್ಸ್ ಆಗಿ ಇಂದಿಗೂ ಜೀವಂತವಾಗಿದೆ. ಅದರ ಕೇಂದ್ರ ಅದೇ ಬೆಟ್ಟಸೀಮೆಯ ಲ್ಯಾನ್ಸ್‌ಡೌನ್‌ನಲ್ಲಿದೆ. ಸೇನೆಯ ಗೌರವ ವಂದನೆಯೂ ಊರಿನವರ ಜಾತ್ರೆಯೂ ಒಂದನ್ನೊಂದು ಉಳಿಸಿಕೊಂಡು ಬಂದಿವೆ.

ಕರ್ನಾಟಕಕ್ಕೆ ಆ ಅನುಕೂಲವಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾರ್ಮೆಲ್ ಬೆಟ್ಟವನ್ನೇರಿ ಫಿರಂಗಿಗಳನ್ನು ವಶಪಡಿಸಿಕೊಂಡ ಮೈಸೂರು ಲ್ಯಾನ್ಸರ್ಸ್, ಮಹಾರಾಜರ ಸೈನ್ಯದ ಪಡೆ. ಸಂಸ್ಥಾನಗಳು ವಿಲೀನಗೊಂಡ ಬಳಿಕ ಅದರ ಪರಂಪರೆ 1953ರಲ್ಲಿ ರಚನೆಯಾದ 61ನೇ ಅಶ್ವದಳದೊಳಗೆ ಸೇರಿಹೋಯಿತು. ಆ ದಳದ ನೆಲೆ ದೂರದ ಜೈಪುರ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವೇನೋ ನಿಂತಿದೆ. ಆದರೆ ಅದು ರಾಜಧಾನಿಯ ಸ್ಮಾರಕ. ಸವಾರರು ಹೊರಟ ಊರುಗಳಲ್ಲಿ ಅವರನ್ನು ನೆನೆಯುವ ಬಗೆ ಯಾವುದು? ರಾಜ್ಯ ಸರ್ಕಾರ ದೊಡ್ಡ ವೆಚ್ಚದ ಪ್ರತಿಮೆಗಳಿಗೆ ಕೈಹಾಕಬೇಕಿಲ್ಲ. ಮಡಿದವರ ಹೆಸರುಗಳನ್ನು ಅವರ ಊರುಗಳೊಂದಿಗೆ ಹೊಂದಿಸಿ ಪ್ರಕಟಿಸಿದರೆ, ಮುಂದಿನ ಕೆಲಸವನ್ನು ಆಯಾ ಊರಿನವರಿಗೇ ಬಿಡಬಹುದು.