ತೇಲುವ ಮನೆಯಲ್ಲಿ ಹಬ್ಬ

ಹಲಸೂರು ಕೆರೆಯ ದಂಡೆಯ ನಿವಾಸಿಗಳಿಗೆ ಒಂದು ನೋಟ ಚಿರಪರಿಚಿತ. 1780ರಷ್ಟು ಹಳೆಯದಾದ ಮದರಾಸು ಸ್ಯಾಪರ್ಸ್ ದಳದ ಜವಾನರು ಅಲ್ಲಿ ಹುಟ್ಟುಹಾಕುವುದನ್ನೂ ಹಾಯಿ ಬಿಚ್ಚುವುದನ್ನೂ ಅಭ್ಯಾಸ ಮಾಡುತ್ತಾರೆ. ಕಡಲಿನಿಂದ ಮೂರು ಸಾವಿರ ಅಡಿ ಎತ್ತರದ ಊರಿನಲ್ಲಿ ಹಾಯಿಯ ಪಾಠವೇ ಎಂದು ನಗುವವರುಂಟು. ಆದರೆ ಈ ದಳವು ಸೇರಿರುವ ಸೇನಾ ಎಂಜಿನಿಯರುಗಳ ಪಡೆಯವರೇ ‘ತೃಷ್ಣಾ’ ಎಂಬ ಪುಟ್ಟ ಹಾಯಿದೋಣಿಯಲ್ಲಿ 1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟು, ಭೂಮಂಡಲವನ್ನು ಸುತ್ತಿ, 1987ರ ಜನವರಿಯಲ್ಲಿ ಮುಂಬಯಿ ಸೇರಿದರು. ಅಷ್ಟರಲ್ಲಿ ಅವರವರ ಮನೆಗಳಲ್ಲಿ ಎರಡು ದೀಪಾವಳಿ, ಎರಡು ಕ್ರಿಸ್ಮಸ್ ಬಂದುಹೋಗಿದ್ದವು.

ಇಂತಹ ದೋಣಿ ವಾಹನವಷ್ಟೇ ಅಲ್ಲ, ಮನೆಯೂ ಹೌದು. ಉಣ್ಣುವುದು, ಮಲಗುವುದು, ಕಾಯಿಲೆ ಬೀಳುವುದು ಎಲ್ಲವೂ ಅಲ್ಲಿಯೇ. ಹಾಗಾದರೆ ಹಬ್ಬ?

ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ಯೆಂಬ ಐವತ್ತೈದು ಅಡಿಯ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟರು. ವರ್ತಿಕಾ ಜೋಶಿಯವರು ನಾಯಕಿ. ಮಹಾಲಯ ಕಳೆದು ನವರಾತ್ರಿ ಬಂದಾಗ ಸುತ್ತಲೂ ಹಿಂದೂ ಮಹಾಸಾಗರ. ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ರೇವು ಸಿಕ್ಕಿದ್ದು ಅಕ್ಟೋಬರ್ 23ಕ್ಕೆ. ಅದಕ್ಕೆ ನಾಲ್ಕೈದು ದಿನ ಮುಂಚೆಯೇ ದೀಪಾವಳಿ ಮುಗಿದುಹೋಗಿತ್ತು.

ನಮ್ಮಲ್ಲಿ ದೀಪಾವಳಿ ಆರಂಭವಾಗುವುದೇ ನೀರು ತುಂಬುವ ಹಬ್ಬದಿಂದ. ಹಂಡೆ ತಿಕ್ಕಿ, ಸುಣ್ಣದ ಗೆರೆ ಎಳೆದು, ತುಂಬಿಸಿಟ್ಟು, ಮರುದಿನ ಬೆಳಗಿನ ಜಾವ ಎಣ್ಣೆನೀರು. ಕಣ್ಣು ಹಾಯಿಸಿದಷ್ಟೂ ನೀರೇ ಇರುವ ಕಡಲಿನಲ್ಲಿ ಈ ಒಂದು ಹಬ್ಬಕ್ಕೇ ನೀರಿಲ್ಲ! ಸಿಹಿನೀರು ಚೆಂಬಿನ ಲೆಕ್ಕದಲ್ಲಿ ಖರ್ಚಾಗುವ ವಸ್ತು. ಇನ್ನು ದೀಪ: ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ಓಡುವಾಗ ಹಣತೆಯ ಎಣ್ಣೆ ಹಣತೆಯಲ್ಲಿ ನಿಲ್ಲಬೇಕಲ್ಲ. ನಿಂತರೂ, ಮರ ಮತ್ತು ಫೈಬರ್‌ಗ್ಲಾಸಿನ ಒಡಲಿನ ದೋಣಿಯಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ, ಓಡಿಹೋಗಲು ಬೀದಿಯಿಲ್ಲ. ಬಾಣಬಿರುಸು ಮಾತ್ರ ಅಲ್ಲಿಯೂ ಇರುತ್ತದೆ. ಆದರೆ ಅದನ್ನು ಹಾರಿಸಿದರೆ, ‘ಮುಳುಗುತ್ತಿದ್ದೇವೆ, ಬನ್ನಿ’ ಎಂದು ಅರ್ಥ.

ಅಡುಗೆಯ ಮಾತು ಹೇಳುವಂತೆಯೇ ಇಲ್ಲ. ಪಾತ್ರೆ ಮಗುಚದಿರಲೆಂದು ಹಾಯಿದೋಣಿಗಳಲ್ಲಿ ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ಹೋಳಿಗೆ ತಟ್ಟುವ ಕೈಯೊಂದು, ಕಂಬ ಹಿಡಿದು ನಿಲ್ಲುವ ಕೈಯೊಂದು. ಮನೆಯಲ್ಲಿ ಹಬ್ಬದ ದುಡಿಮೆಯೆಲ್ಲ ಹೆಂಗಸರ ಪಾಲಿಗೆ. ಇಲ್ಲಿ ಆರು ಜನ ಹೆಂಗಸರೇ ಇದ್ದರೂ ಅಡುಗೆ ಸರದಿಯ ಕೆಲಸ, ಚುಕ್ಕಾಣಿ ಮುಖ್ಯ ಕೆಲಸ. ಹಬ್ಬವೆಂದು ಕಾವಲಿನ ಪಾಳಿ ತಪ್ಪದು. ದೇಶದ ಪ್ರಧಾನಮಂತ್ರಿಗಳು ವೀಡಿಯೊ ಕರೆಯ ಮೂಲಕ ದೀಪಾವಳಿಯ ಶುಭಾಶಯ ಹೇಳಿದರು. ಗೌರವದ ಮಾತೇ ಸರಿ. ಆದರೂ ತಾಯಿಯ ದನಿಯೊಂದನ್ನು ಕೇಳಲು ಎಷ್ಟು ಮನಸ್ಸು ತವಕಿಸಿತ್ತೋ.

ನ್ಯೂಜಿಲೆಂಡಿನಿಂದ ಡಿಸೆಂಬರ್ 12ಕ್ಕೆ ಹೊರಟ ಮೇಲೆ ಪಂಚಾಂಗವೇ ಕೈಕೊಟ್ಟಿತು. ಪೂರ್ವಾಭಿಮುಖವಾಗಿ ದಿನಾಂಕ ರೇಖೆಯನ್ನು ದಾಟಿದರೆ ಅದೇ ತಾರೀಖು ಎರಡು ಸಲ ಬರುತ್ತದೆ. ಶಿವಾಜಿನಗರದ ಸಂತ ಮೇರಿಯ ಬೆಸಿಲಿಕದಲ್ಲಿ ಕ್ರಿಸ್ಮಸ್ ಗಂಟೆ ಬಾರಿಸಿದಾಗ, ಪೆಸಿಫಿಕ್ ಸಾಗರದ ಆ ದೋಣಿಯಲ್ಲಿ ಇನ್ನೂ ಹಿಂದಿನ ದಿನ. ಸಂಕ್ರಾಂತಿಯಂತೂ ತಲೆಕೆಳಗು. ಉತ್ತರಾಯಣವೆಂದು ನಮ್ಮಲ್ಲಿ ಹಗಲು ಬೆಳೆಯುವಾಗ ದಕ್ಷಿಣ ಗೋಳಾರ್ಧದಲ್ಲಿ ಹಗಲು ಕುಗ್ಗುತ್ತದೆ. ನಡುಹಗಲಿನ ಸೂರ್ಯನನ್ನು ಉತ್ತರಕ್ಕೆ ತಿರುಗಿ ನೋಡಬೇಕು. ಎಳ್ಳು-ಬೆಲ್ಲ ಹಂಚೋಣವೆಂದರೆ ನೆರೆಮನೆಯಿಲ್ಲ. ಕೆಲವೇ ದಿನಗಳಲ್ಲಿ, ನಾವಿಕರು ಹೆಸರು ಕೇಳಿದರೇ ಬೆದರುವ ಕೇಪ್ ಹಾರ್ನ್ ಎದುರಾಗಲಿತ್ತು. ಈ ಹಾದಿಯಲ್ಲಿಯೇ ಮನೆಯೆತ್ತರದ ಅಲೆಗಳೂ ಚಂಡಮಾರುತವೂ ಅವರನ್ನು ಕಾಡಿದವು. ಅಂದು ಊರಿನಲ್ಲಿ ತಟ್ಟೆಯಲ್ಲಿ ಎಳ್ಳು ಹಿಡಿದು ನಿಂತ ಮನೆಯವರ ಗಂಟಲಿನಲ್ಲಿ ಅದು ಸಲೀಸಾಗಿ ಇಳಿದಿರಲಾರದು.

ಕೇಪ್‌ಟೌನ್ ಬಿಟ್ಟ ನಾಲ್ಕನೆಯ ದಿನ, 2018ರ ಮಾರ್ಚ್ 18ಕ್ಕೆ, ಯುಗಾದಿ. ಆರು ಮಂದಿಯಲ್ಲಿ ಇಬ್ಬರು ಆಂಧ್ರ-ತೆಲಂಗಾಣದವರು, ನಮ್ಮಂತೆಯೇ ಅಂದು ಹೊಸ ವರ್ಷ ಕಾಣುವವರು. ಬೇವಿನ ಚಿಗುರಿಗೆ ಎಲ್ಲಿ ಹೋಗಬೇಕು?

ಇದೇ ದೋಣಿಯಲ್ಲಿ 2024ರ ಅಕ್ಟೋಬರಿನಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಮತ್ತೆ ಲೋಕ ಸುತ್ತಲು ಹೊರಟರು. ಅವರ ದೀಪಾವಳಿಯೂ ನೀರಿನ ಮೇಲೆಯೇ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಕಾವಲಿದ್ದರೆ ಇನ್ನೊಬ್ಬರಿಗೆ ನಿದ್ದೆ. ಹಬ್ಬದ ಊಟಕ್ಕೆ ಜೊತೆಯಾಗಿ ಕೂರುವುದೇ ಒಂದು ಭಾಗ್ಯ.

ಮೊದಲ ಆರು ಮಂದಿ 254 ದಿನಗಳ ಯಾತ್ರೆ ಮುಗಿಸಿ ಗೋವೆಯ ದಡ ಮುಟ್ಟಿದ್ದು 2018ರ ಮೇ 21ರಂದು. ಬಂದವರಿಗೆ ಒಂದು ಹಬ್ಬವನ್ನಾದರೂ ಮಾಡಿ ಬಡಿಸೋಣವೆಂದು ಮನೆಯ ಹಿರಿಯರು ಪಂಚಾಂಗ ತೆರೆದಿದ್ದರೆ, ಐದು ದಿನಗಳ ಹಿಂದೆಯಷ್ಟೇ ಅಧಿಕ ಜ್ಯೇಷ್ಠ ಹುಟ್ಟಿತ್ತು. ತಿಂಗಳು ಪೂರ್ತಿ ಹಬ್ಬವಿಲ್ಲ!